ಸನ್ ಫಿಲ್ಮ್ ಕೊಳ್ಳುವ ಮುನ್ನ: ಕಾರಿನ ಗಾಜಿಗೂ ಮನೆಯ ಕಿಟಕಿಗೂ ಒಂದು ಸಮಗ್ರ ಮಾರ್ಗದರ್ಶಿ

ಕಾರಿನ ಬಿಡಿಭಾಗಗಳ ಅಂಗಡಿಗೆ ಹೋಗಿ ಸನ್ ಫಿಲ್ಮ್ ಬೇಕೆಂದರೆ ಅಂಗಡಿಯವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಎಷ್ಟು ಡಾರ್ಕ್ ಬೇಕು ಸರ್?’ ಎಂದು. ಫಿಲ್ಮ್ ಆಯ್ಕೆಯಲ್ಲಿ ಆಗುವ ಬಹುಪಾಲು ತಪ್ಪುಗಳು ಈ ಪ್ರಶ್ನೆಯಿಂದಲೇ ಹುಟ್ಟುತ್ತವೆ. ಗಾಜು ಎಷ್ಟು ಕಪ್ಪಾಗಿದೆ ಎಂಬುದಕ್ಕೂ ಒಳಗೆ ಎಷ್ಟು ತಂಪಾಗಿರುತ್ತದೆ ಎಂಬುದಕ್ಕೂ ಇರುವ ಸಂಬಂಧ ನಾವು ಅಂದುಕೊಂಡಷ್ಟು ಗಟ್ಟಿಯಾದುದಲ್ಲ. ಕಡುಗಪ್ಪು ಫಿಲ್ಮ್ ಹಾಕಿಸಿಯೂ ಬೇಯುವ ಕೋಣೆಗಳಿವೆ; ಕಣ್ಣಿಗೆ ಕಾಣದಷ್ಟು ತಿಳಿಯಾದ ಫಿಲ್ಮಿನಿಂದ ಬಿಸಿಲಿನ ತಾಪ ಅರ್ಧಕ್ಕೆ ಇಳಿದ ಕಿಟಕಿಗಳೂ ಇವೆ.

ಬಿಸಿಲಿನಲ್ಲಿ ಏನಿದೆ ಎಂಬುದನ್ನು ಮೊದಲು ತಿಳಿಯಿರಿ

ಗಾಜಿನ ಮೇಲೆ ಬೀಳುವ ಸೌರಶಕ್ತಿಯಲ್ಲಿ ಸುಮಾರು ಶೇ 3ರಷ್ಟು ಅತಿನೇರಳೆ ಕಿರಣ, ಶೇ 44ರಷ್ಟು ಕಣ್ಣಿಗೆ ಕಾಣುವ ಬೆಳಕು, ಉಳಿದ ಶೇ 53ರಷ್ಟು ಅವಕೆಂಪು ಕಿರಣ ಇರುತ್ತದೆ. ಬಟ್ಟೆ, ಮರದ ಪೀಠೋಪಕರಣಗಳ ಬಣ್ಣ ಮಾಸುವುದರಲ್ಲಿಯೂ ಚರ್ಮ ಕಪ್ಪಾಗುವುದರಲ್ಲಿಯೂ ಅತಿನೇರಳೆಯ ಪಾತ್ರ ದೊಡ್ಡದು. ಆದರೆ ಶಾಖದ ಲೆಕ್ಕದಲ್ಲಿ ಅದರ ಪಾಲು ತೀರಾ ಕಡಿಮೆ. ಆದ್ದರಿಂದ ‘ಶೇ 99 ಯುವಿ ತಡೆ’ ಎಂಬ ದೊಡ್ಡಕ್ಷರದ ಬರಹವನ್ನು ತಂಪಿನ ಭರವಸೆಯೆಂದು ಓದಬಾರದು. ಒಳ್ಳೆಯ ಕಂಪನಿಗಳ ಬಹುತೇಕ ಎಲ್ಲ ಫಿಲ್ಮ್‌ಗಳಲ್ಲೂ ಈ ಗುಣ ಇದ್ದೇ ಇರುತ್ತದೆ. ಕಾರಿನ ಮುಂಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜಾದ್ದರಿಂದ ಅದು ಫಿಲ್ಮ್ ಇಲ್ಲದೆಯೇ ಅತಿನೇರಳೆಯ ಬಹುಪಾಲನ್ನು ತಡೆಯುತ್ತದೆ.

ಅಂಕಿಪಟ್ಟಿ ಕೇಳಿ, ಮೂರು ಅಂಕಿಗಳನ್ನು ಒಟ್ಟಿಗೆ ಓದಿ

ಹೆಸರುಳ್ಳ ಯಾವುದೇ ಫಿಲ್ಮಿಗೆ ತಯಾರಕರ ಅಂಕಿಪಟ್ಟಿ ಇರುತ್ತದೆ. ಅದನ್ನು ತೋರಿಸಲು ಹಿಂಜರಿಯುವ ಅಂಗಡಿಯಿಂದ ಕೊಳ್ಳಬೇಡಿ. ಪಟ್ಟಿಯಲ್ಲಿ ಮೊದಲು ನೋಡಬೇಕಾದುದು ವಿಎಲ್‌ಟಿ, ಅಂದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಶೇಕಡ ಎಷ್ಟು ಭಾಗ ಒಳಗೆ ಬರುತ್ತದೆ ಎಂಬ ಅಂಕಿ. ಎರಡನೆಯದು ಟಿಎಸ್‌ಇಆರ್, ಅಂದರೆ ಒಟ್ಟು ಸೌರಶಕ್ತಿಯಲ್ಲಿ ಶೇಕಡ ಎಷ್ಟನ್ನು ಗಾಜು ಮತ್ತು ಫಿಲ್ಮ್ ಸೇರಿ ಹೊರಗಿಡುತ್ತವೆ ಎಂಬುದು. ತಂಪಿಗೆ ಸಂಬಂಧಿಸಿದ ಅಸಲಿ ಅಂಕಿ ಇದೇ. ಕಟ್ಟಡಗಳ ಲೆಕ್ಕದಲ್ಲಿ ಇದನ್ನೇ ತಿರುವಿ, ಒಳಗೆ ಬರುವ ಸೌರಶಕ್ತಿಯ ಪಾಲಾಗಿ, ಎಸ್‌ಎಚ್‌ಜಿಸಿ ಎಂದು ಬರೆಯುತ್ತಾರೆ: ಟಿಎಸ್‌ಇಆರ್ ಶೇ 55 ಇದ್ದರೆ ಎಸ್‌ಎಚ್‌ಜಿಸಿ 0.45.

ಮೂರನೆಯದು ಐಆರ್‌ಆರ್, ಅಂದರೆ ಅವಕೆಂಪು ತಡೆ. ಗ್ರಾಹಕರು ಹೆಚ್ಚು ಮೋಸ ಹೋಗುವುದು ಇಲ್ಲಿ. ಅವಕೆಂಪು ಕಿರಣಗಳು ಸುಮಾರು 780ರಿಂದ 2500 ನ್ಯಾನೋಮೀಟರ್ ತರಂಗಾಂತರದವರೆಗೆ ಹರಡಿಕೊಂಡಿದ್ದರೂ, ಕೆಲವರು 900ರಿಂದ 1000 ನ್ಯಾನೋಮೀಟರಿನ ಕಿರಿದಾದ ಪಟ್ಟಿಯಲ್ಲಷ್ಟೇ ಅಳೆದು, ತಮ್ಮ ಫಿಲ್ಮ್ ಅತಿ ಚೆನ್ನಾಗಿ ಕೆಲಸ ಮಾಡುವ ಆ ಜಾಗದ ಅಂಕಿಯನ್ನು ‘ಶೇ 97 ಹೀಟ್ ರಿಜೆಕ್ಷನ್’ ಎಂದು ಮುದ್ರಿಸುತ್ತಾರೆ. ಅಂಥದೇ ಫಿಲ್ಮಿನ ಟಿಎಸ್‌ಇಆರ್ ನೋಡಿದರೆ ಶೇ 50ರಿಂದ 60ರ ನಡುವೆ ಇರಬಹುದು. ಇದು ಕೆಟ್ಟ ಫಿಲ್ಮೇನಲ್ಲ, ಹೇಳಿಕೊಳ್ಳುವ ರೀತಿ ಮಾತ್ರ ಸರಿಯಲ್ಲ.

ಇಂಥ ಹೇಳಿಕೆಗಳನ್ನು ಅಂಗಡಿಯಲ್ಲಿ ನಿಂತೇ ಪರೀಕ್ಷಿಸಬಹುದು. ವಿಎಲ್‌ಟಿ ಶೇ 70 ಇರುವ ಫಿಲ್ಮ್ ಎಂದರೆ ಕಾಣುವ ಬೆಳಕಿನ ಶೇ 70 ಒಳಗೆ ಬಂದೇ ಬರುತ್ತದೆ. ಆ ಬೆಳಕು ಒಟ್ಟು ಸೌರಶಕ್ತಿಯ ಶೇ 44 ಆದ್ದರಿಂದ, ಕನಿಷ್ಠ ಶೇ 31ರಷ್ಟು ಶಕ್ತಿ ಒಳಗೆ ಬಂದಂತಾಯಿತು. ಉಳಿದ ಅವಕೆಂಪು, ಅತಿನೇರಳೆ ಎಲ್ಲವನ್ನೂ ಪೂರ್ತಿ ತಡೆದರೂ ಟಿಎಸ್‌ಇಆರ್ ಶೇ 69 ದಾಟಲಾರದು; ವಾಸ್ತವದಲ್ಲಿ ಅದಕ್ಕಿಂತ ಸಾಕಷ್ಟು ಕೆಳಗೇ ಇರುತ್ತದೆ. ‘ಪೂರ್ತಿ ಕ್ಲಿಯರ್, ಆದರೆ ಶೇ 85 ಶಾಖ ತಡೆ’ ಎಂದು ಯಾರಾದರೂ ಹೇಳಿದರೆ ಅದು ಭೌತಶಾಸ್ತ್ರಕ್ಕೆ ಒಪ್ಪದ ಮಾತು.

ಫಿಲ್ಮಿನ ಜಾತಿಯನ್ನು ಗುರುತಿಸಿ

ಎಲ್ಲ ಸನ್ ಫಿಲ್ಮ್‌ಗಳ ಮೈಯೂ ಪಾಲಿಯೆಸ್ಟರ್ ಹಾಳೆಯೇ. ಒಂದು ಬದಿಯಲ್ಲಿ ಅಂಟು, ಇನ್ನೊಂದು ಬದಿಯಲ್ಲಿ ಗೀರು ಬೀಳದಂತೆ ಗಟ್ಟಿ ಲೇಪ ಇರುತ್ತದೆ. ಬಿಸಿಲು ತಡೆಯುವ ಫಿಲ್ಮ್ ಸಾಮಾನ್ಯವಾಗಿ 38ರಿಂದ 50 ಮೈಕ್ರಾನ್ ದಪ್ಪವಿದ್ದರೆ, ಒಡೆದ ಗಾಜಿನ ಚೂರುಗಳನ್ನು ಹಿಡಿದಿಡುವ ಸೇಫ್ಟಿ ಫಿಲ್ಮ್ 100 ಮೈಕ್ರಾನಿನಿಂದ ಆರಂಭವಾಗುತ್ತದೆ. ವ್ಯತ್ಯಾಸವಿರುವುದು ಒಳಗಿನ ಪದರದಲ್ಲಿ.

ಬರೀ ಬಣ್ಣ ಬೆರೆಸಿದ ಡೈಡ್ ಫಿಲ್ಮ್ ಅಗ್ಗ. ಅದು ಬೆಳಕನ್ನು ಹೀರಿಕೊಂಡು ಗಾಜನ್ನು ಕಾಯಿಸುತ್ತದೆ. ಹಾಗೆ ಕಾದ ಗಾಜು ಆ ಶಾಖದ ಒಂದು ಪಾಲನ್ನು ಒಳಕ್ಕೇ ಬಿಡುತ್ತದೆ. ಶೇ 20 ವಿಎಲ್‌ಟಿಯಷ್ಟು ಕಪ್ಪಾಗಿದ್ದರೂ ಇವುಗಳ ಟಿಎಸ್‌ಇಆರ್ ಶೇ 40ರ ಆಚೀಚೆ ನಿಲ್ಲುವುದುಂಟು. ಕೆಲವು ವರ್ಷಗಳಲ್ಲಿ ಕಪ್ಪು ಹೋಗಿ ನೇರಳೆ ಬಣ್ಣಕ್ಕೆ ತಿರುಗಿದ ಕಾರಿನ ಗಾಜುಗಳನ್ನು ನೀವು ನೋಡಿಯೇ ಇರುತ್ತೀರಿ; ಅವು ಈ ಜಾತಿಯವು. ಲೋಹದ ತೆಳು ಲೇಪವಿರುವ ಮೆಟಲೈಸ್ಡ್ ಫಿಲ್ಮ್ ಶಾಖವನ್ನು ಹೀರುವುದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಚಿಮ್ಮಿಸುತ್ತದೆ. ಕಟ್ಟಡಗಳಿಗೆ ಇದು ಒಳ್ಳೆಯ ಆಯ್ಕೆ. ಆದರೆ ಲೋಹ ರೇಡಿಯೋ ತರಂಗಗಳಿಗೂ ಅಡ್ಡಿಯಾಗುವುದರಿಂದ ಕಾರಿನಲ್ಲಿ ಜಿಪಿಎಸ್ ಮತ್ತು ಮೊಬೈಲ್ ಸಂಕೇತ ಕುಗ್ಗಬಹುದು. ನಮ್ಮ ಫಾಸ್ಟ್ಯಾಗ್ 865ರಿಂದ 867 ಮೆಗಾಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುತ್ತದೆ; ಲೋಹದ ಫಿಲ್ಮಿನ ಹಿಂದೆ ಅದನ್ನು ಅಂಟಿಸಿದರೆ ಟೋಲ್ ಗೇಟಿನಲ್ಲಿ ಯಂತ್ರ ಓದದೆ ಹಿಂದಿನವರ ಹಾರ್ನ್ ಕೇಳಬೇಕಾದೀತು.

ಸಿರಾಮಿಕ್ ಅಥವಾ ನ್ಯಾನೋ ಸಿರಾಮಿಕ್ ಎಂದು ಮಾರುವ ಫಿಲ್ಮ್‌ಗಳಲ್ಲಿ ಲೋಹದ ಆಕ್ಸೈಡುಗಳ ಅತಿ ಸೂಕ್ಷ್ಮ ಕಣಗಳಿರುತ್ತವೆ. ಇವು ಬೆಳಕನ್ನು ಬಿಟ್ಟು ಅವಕೆಂಪನ್ನು ಹೀರುತ್ತವೆ, ಸಂಕೇತಗಳಿಗೆ ತೊಂದರೆ ಕೊಡುವುದಿಲ್ಲ. ಕಾರು ಓಡುತ್ತಿರುವಾಗ ಹೊರಗಿನ ಗಾಳಿ ಗಾಜಿನ ಶಾಖವನ್ನು ಒಯ್ಯುವುದರಿಂದ ಸಿರಾಮಿಕ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿದಾಗ ಅದರ ಲಾಭ ಕಡಿಮೆ. ನೂರಾರು ಪದರಗಳ ಪಾಲಿಮರ್ ಹಾಳೆಯಿಂದ ಅವಕೆಂಪನ್ನು ಪ್ರತಿಫಲಿಸುವ ಇನ್ನೊಂದು ಬಗೆಯೂ ಇದೆ. ಬೆಲೆ ಎಲ್ಲಕ್ಕಿಂತ ಹೆಚ್ಚು, ಶೇ 70 ವಿಎಲ್‌ಟಿಯಲ್ಲಿಯೇ ಶೇ 50ರ ಆಸುಪಾಸಿನ ಟಿಎಸ್‌ಇಆರ್ ಸಿಗುತ್ತದೆ.

ಅಂಗಡಿಯ ಮೇಜಿನ ಮೇಲೆ ಕೆಂಪು ಹೀಟ್ ಲ್ಯಾಂಪ್ ಇಟ್ಟು, ಫಿಲ್ಮ್ ಹಚ್ಚಿದ ಗಾಜನ್ನು ಅಡ್ಡ ಹಿಡಿದು, ‘ಕೈ ಇಟ್ಟು ನೋಡಿ’ ಎನ್ನುವ ಪ್ರದರ್ಶನವನ್ನು ಸ್ವಲ್ಪ ತಾಳ್ಮೆಯಿಂದ ನೋಡಿ. ಆ ದೀಪ ಹೊರಸೂಸುವುದು ಹೆಚ್ಚಾಗಿ ಅವಕೆಂಪನ್ನೇ ಹೊರತು ಬಿಸಿಲಿನಂತೆ ಅರ್ಧದಷ್ಟು ಬೆಳಕನ್ನಲ್ಲ. ಹಾಗಾಗಿ ಅವಕೆಂಪು ತಡೆಯುವ ಫಿಲ್ಮ್ ಅಲ್ಲಿ ಅದ್ಭುತವಾಗಿ ಕಾಣುತ್ತದೆ. ಹತ್ತು ಸೆಕೆಂಡಿಗೆ ದೀಪ ಆರಿಸಲು ಬಿಡದೆ ಐದು ನಿಮಿಷ ಉರಿಸಲು ಹೇಳಿ, ಆಮೇಲೆ ಗಾಜನ್ನೇ ಮುಟ್ಟಿ ನೋಡಿ. ಹೀರಿಕೊಂಡ ಶಾಖ ಎಲ್ಲಿ ಕುಳಿತಿದೆ ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆಯೆಂದರೆ ಎರಡು ಮೂರು ಬಗೆಯ ಅಂಗೈಯಗಲದ ತುಂಡುಗಳನ್ನು ಮನೆಗೆ ತಂದು, ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಪಶ್ಚಿಮದ ಕಿಟಕಿಗೆ ನೀರಿನಿಂದ ಅಂಟಿಸಿ, ಹಿಂದೆ ಕೈ ಹಿಡಿದು ಹೋಲಿಸುವುದು.

ಕಾರಿಗಾದರೆ: ಕಾನೂನು ಮೊದಲು, ಫಿಲ್ಮ್ ಆಮೇಲೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ 50 ಬೆಳಕು ಹಾಯಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ತೀರ್ಪು ನೀಡಿ, ಎಷ್ಟೇ ವಿಎಲ್‌ಟಿ ಇದ್ದರೂ ಗಾಜಿನ ಮೇಲೆ ಕಪ್ಪು ಫಿಲ್ಮ್ ಅಥವಾ ಬೇರೆ ಯಾವುದೇ ವಸ್ತು ಅಂಟಿಸಬಾರದೆಂದು ದೇಶದಾದ್ಯಂತ ನಿಷೇಧಿಸಿತು. ಅಂದರೆ ಆಗ ಉಳಿದಿದ್ದು ಕಾರ್ಖಾನೆಯಲ್ಲೇ ಬಣ್ಣ ಬೆರೆಸಿದ ಗಾಜು ಮಾತ್ರ.

ಆಮೇಲೆ 2020ರಲ್ಲಿ 100ನೇ ನಿಯಮಕ್ಕೆ ತಿದ್ದುಪಡಿಯಾಗಿ, 2021ರ ಏಪ್ರಿಲ್ 1ರಿಂದ ‘ಸೇಫ್ಟಿ ಗ್ಲಾಸ್’ ಜೊತೆಗೆ ‘ಸೇಫ್ಟಿ ಗ್ಲೇಜಿಂಗ್’ ಎಂಬುದೂ ಸೇರಿತು. ಸುರಕ್ಷಾ ಗಾಜಿನ ಭಾರತೀಯ ಮಾನಕವಾದ ಐಎಸ್ 2553ರ ಎರಡನೆಯ ಭಾಗದ 2019ರ ಪರಿಷ್ಕರಣೆಯಲ್ಲಿ ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಗಾಜಿಗೂ ಜಾಗವಿದೆ. ಇದನ್ನು ಆಧರಿಸಿ 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, ಶೇ 70 ಮತ್ತು ಶೇ 50ರ ಮಿತಿಯೊಳಗಿರುವ, ಮಾನಕಕ್ಕೆ ಹೊಂದುವ ಫಿಲ್ಮ್ ಹಾಕಿದ್ದಕ್ಕೆ ದಂಡ ವಿಧಿಸುವಂತಿಲ್ಲ ಎಂದಿತು. ಒಂದು ರಾಜ್ಯದ ಹೈಕೋರ್ಟಿನ ತೀರ್ಪು ಇನ್ನೊಂದು ರಾಜ್ಯದಲ್ಲಿ ವಾದಕ್ಕೆ ಬಲ ಕೊಡುತ್ತದೆಯೇ ಹೊರತು ಅಲ್ಲಿನ ನ್ಯಾಯಾಲಯವನ್ನಾಗಲಿ ಪೊಲೀಸರನ್ನಾಗಲಿ ಕಟ್ಟಿಹಾಕುವುದಿಲ್ಲ. ‘ಈಗ ಎಲ್ಲ ಲೀಗಲ್ ಸರ್’ ಎಂಬ ಅಂಗಡಿಯ ಮಾತನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಿ.

ಅದಕ್ಕಿಂತ ಮುಖ್ಯವಾದುದು ಒಂದು ಗುಣಾಕಾರ. ಕಾನೂನು ಅಳೆಯುವುದು ಫಿಲ್ಮಿನ ವಿಎಲ್‌ಟಿಯನ್ನಲ್ಲ, ಗಾಜು ಮತ್ತು ಫಿಲ್ಮ್ ಸೇರಿದ ವಿಎಲ್‌ಟಿಯನ್ನು. ನಿಮ್ಮ ಕಾರಿನ ಪಕ್ಕದ ಹಸಿರು ಛಾಯೆಯ ಗಾಜು ಶೇ 75 ಬೆಳಕು ಬಿಡುತ್ತದೆ ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇ 70ರ ಫಿಲ್ಮ್ ಹಚ್ಚಿದರೆ ಉಳಿಯುವುದು ಶೇ 52.5, ಮಿತಿಯೊಳಗೆ. ಶೇ 50ರ ಫಿಲ್ಮ್ ಹಚ್ಚಿದರೆ ಶೇ 37.5, ಪೊಲೀಸರ ಮೀಟರಿನಲ್ಲಿ ನೇರ ದಂಡ. ಪಕ್ಕದ ಗಾಜಿಗೆ ಐವತ್ತು ನಡೆಯುತ್ತದಂತೆ ಎಂದು ಐವತ್ತರ ಫಿಲ್ಮನ್ನೇ ಹಾಕಿಸಿಕೊಳ್ಳುವವರು ಎಡವುವುದು ಇಲ್ಲಿಯೇ. ಮುಂಗಾಜಿನದಂತೂ ಇನ್ನೂ ಬಿಗಿ: ಗಾಜು ಶೇ 75 ಇದ್ದು, ಶೇ 90ರ ಅತಿ ತಿಳಿ ಫಿಲ್ಮ್ ಹಾಕಿದರೂ ಶೇ 67.5ಕ್ಕೆ ಇಳಿದು ನಿಯಮ ಮುರಿದಂತಾಗುತ್ತದೆ. ರಾತ್ರಿ ಮಳೆಯಲ್ಲಿ ಘಾಟಿ ಇಳಿಯುವಾಗ ಮುಂಗಾಜಿನ ಬೆಳಕು ಎಷ್ಟು ಬೇಕೆಂಬುದನ್ನು ನೆನೆದರೆ, ಮುಂಗಾಜನ್ನು ಬಿಟ್ಟುಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಹಾಗಾದರೆ ಕ್ರಮ ಹೀಗಿರಲಿ. ಮೊದಲು ಅಂಗಡಿಯಲ್ಲಿ ವಿಎಲ್‌ಟಿ ಮೀಟರ್ ಇದೆಯೇ ಎಂದು ಕೇಳಿ, ನಿಮ್ಮ ಕಾರಿನ ಬರಿಗಾಜನ್ನು ನಿಮ್ಮೆದುರೇ ಅಳೆಯಿಸಿ. ಆ ಅಂಕಿಗೆ ಫಿಲ್ಮಿನ ಅಂಕಿಯನ್ನು ಗುಣಿಸಿ, ಮಿತಿಗಿಂತ ಎರಡು ಮೂರು ಅಂಕಿ ಮೇಲೆಯೇ ಇರುವಂತೆ ಆರಿಸಿ. ಹಚ್ಚಿದ ಮೇಲೆ ಮತ್ತೊಮ್ಮೆ ಅಳೆಯಿಸಿ. ಫಿಲ್ಮಿನ ಹೆಸರು, ವಿಎಲ್‌ಟಿ, ರೋಲ್ ಸಂಖ್ಯೆ ನಮೂದಾಗಿರುವ ಬಿಲ್ಲನ್ನೂ ಐಎಸ್ 2553ಕ್ಕೆ ಹೊಂದುತ್ತದೆಂಬ ಪ್ರಮಾಣಪತ್ರವನ್ನೂ ಗಾಡಿಯಲ್ಲಿಡಿ. ಇಷ್ಟಾದರೂ ರಸ್ತೆಯಲ್ಲಿ ಪ್ರಶ್ನೆ ಬರಬಹುದು, ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ ದಂಡವೂ ಬೀಳಬಹುದು. ಆ ತಲೆನೋವು ಬೇಡವೆನ್ನುವವರು, ವಿಶೇಷವಾಗಿ ದಿನವಿಡೀ ಕಾರನ್ನು ಬಯಲಲ್ಲಿ ನಿಲ್ಲಿಸುವವರು, ನಿಲ್ಲಿಸಿದಾಗ ಮುಂಗಾಜಿಗೆ ಇಡುವ ಮಡಚುವ ಹೊಳಪು ಪರದೆಯನ್ನು ಕೊಳ್ಳುವುದು ಮೇಲು. ಕಾರಿನಲ್ಲಿ ಅತಿ ಹೆಚ್ಚು ಬಿಸಿಲು ಕುಡಿಯುವುದು ಓರೆಯಾದ ಆ ದೊಡ್ಡ ಗಾಜೇ.

ಮನೆಗಾದರೆ: ಕಿಟಕಿಯ ದಿಕ್ಕು ನೋಡಿ

ಮನೆಯ ಎಲ್ಲ ಕಿಟಕಿಗಳಿಗೂ ಒಂದೇ ಫಿಲ್ಮ್ ಹಾಕಿಸುವುದು ದುಂದು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲ ಸೂರ್ಯ ಇಲ್ಲಿ ನೆತ್ತಿಯ ಮೇಲಿರುತ್ತಾನೆ, ಆಗಸ್ಟ್ ನಡುವಿನ ತನಕ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಆದ್ದರಿಂದ ಬೇಸಿಗೆಯಲ್ಲಿ ದಕ್ಷಿಣದ ಕಿಟಕಿಗೆ ಒಂದೂವರೆ ಎರಡು ಅಡಿಯ ಸಜ್ಜಾ ಇದ್ದರೆ ನೇರ ಬಿಸಿಲು ಬೀಳುವುದೇ ಇಲ್ಲ. ಡಿಸೆಂಬರಿನಲ್ಲಿ ಬಿದ್ದರೆ ಅದು ಹಿತವೇ. ಕಾಟ ಕೊಡುವುದು ಪಶ್ಚಿಮ, ಆಮೇಲೆ ಪೂರ್ವ. ಇಳಿಬಿಸಿಲು ಸಜ್ಜಾದ ಕೆಳಗಿನಿಂದ ಓರೆಯಾಗಿ ನುಗ್ಗುತ್ತದೆ, ಅದನ್ನು ಸಜ್ಜಾ ತಡೆಯಲಾರದು. ವಾಣಿಜ್ಯ ಕಟ್ಟಡಗಳಿಗಾಗಿ ಇರುವ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು ಉತ್ತರದ ಗಾಜಿಗೆ ಕೊಡುವ ರಿಯಾಯಿತಿಯನ್ನು 15 ಡಿಗ್ರಿ ಅಕ್ಷಾಂಶಕ್ಕಿಂತ ದಕ್ಷಿಣದ ಊರುಗಳಿಗೆ ಕೊಡುವುದಿಲ್ಲ. ಹುಬ್ಬಳ್ಳಿಯಲ್ಲಿ ಉತ್ತರದ ಗಾಜಿನ ಎಸ್‌ಎಚ್‌ಜಿಸಿ 0.50 ಇರಬಹುದು, ದಾವಣಗೆರೆಯಲ್ಲಿ ಬೇರೆ ದಿಕ್ಕುಗಳಂತೆ 0.27. ನಮ್ಮ ದಕ್ಷಿಣ ಜಿಲ್ಲೆಗಳಲ್ಲಿ ಮಧ್ಯಬೇಸಿಗೆಯ ಬಿಸಿಲು ಉತ್ತರದ ಗೋಡೆಗೂ ತಾಗುವುದರಿಂದ ಈ ಭೇದ.

ಲಾಭ ಎಷ್ಟು ಎಂಬುದಕ್ಕೆ ಒಂದು ಅಂದಾಜು. ನಾಲ್ಕಡಿ ಅಗಲ, ಐದಡಿ ಎತ್ತರದ ಪಶ್ಚಿಮ ಕಿಟಕಿಯ ವಿಸ್ತೀರ್ಣ ಸುಮಾರು 1.86 ಚದರ ಮೀಟರ್. ಸಂಜೆ ನಾಲ್ಕಕ್ಕೆ ಪ್ರತಿ ಚದರ ಮೀಟರಿಗೆ 650 ವಾಟ್ ಬಿಸಿಲು ಬೀಳುತ್ತದೆಂದುಕೊಂಡರೆ, ಬರಿಗಾಜಿನ ಮೂಲಕ (ಎಸ್‌ಎಚ್‌ಜಿಸಿ 0.85) ಒಳಗೆ ಬರುವುದು ಸುಮಾರು 1,030 ವಾಟ್. ಟಿಎಸ್‌ಇಆರ್ ಶೇ 55ರ ಫಿಲ್ಮ್ ಹಚ್ಚಿದರೆ ಅದು 545 ವಾಟಿಗೆ ಇಳಿಯುತ್ತದೆ. ಒಂದು ಟನ್ ಎಸಿಯ ತಂಪಿನ ಸಾಮರ್ಥ್ಯ ಸುಮಾರು 3,500 ವಾಟ್; ಒಂದೇ ಕಿಟಕಿಯಿಂದ ಅದರ ಏಳನೇ ಒಂದು ಪಾಲಿನಷ್ಟು ಹೊರೆ ತಗ್ಗಿತು. ಕಲಬುರಗಿ, ರಾಯಚೂರಿನಲ್ಲಿ ಎಸಿ ಓಡಿಸುವ ಮನೆಗೆ ಇದು ಸಣ್ಣ ಮಾತಲ್ಲ.

ಆದರೂ ಸ್ವಂತ ಮನೆಯಿದ್ದು ಹೊರಗೆ ಬಿದಿರಿನ ಚಿಕ್ ಇಳಿಬಿಡಲು ಜಾಗವಿದ್ದರೆ ಮೊದಲು ಅದನ್ನೇ ಮಾಡಿ. ಬಿಸಿಲು ಗಾಜನ್ನು ಮುಟ್ಟುವ ಮೊದಲೇ ತಡೆಯುವುದಕ್ಕೆ ಯಾವ ಫಿಲ್ಮೂ ಸಾಟಿಯಲ್ಲ. ಹೊರಮುಖ ಬದಲಿಸಲು ಸಂಘ ಒಪ್ಪದ ಅಪಾರ್ಟ್‌ಮೆಂಟುಗಳಲ್ಲಿ ಫಿಲ್ಮಿಗೆ ಹೆಚ್ಚಿನ ಅರ್ಥವಿದೆ. ಕನ್ನಡಿಯಂತೆ ಹೊಳೆಯುವ ಫಿಲ್ಮಿಗೆ ಅಲ್ಲಿಯೂ ಅನುಮತಿ ಬೇಕಾದೀತು, ಎದುರುಮನೆಯವರ ಕಣ್ಣಿಗೆ ಅದು ಕುಕ್ಕುತ್ತದೆ. ಇನ್ನೊಂದು ಮಾತು: ಕನ್ನಡಿ ಫಿಲ್ಮ್ ಮರೆ ಕೊಡುವುದು ಕಡಿಮೆ ಬೆಳಕಿರುವ ಬದಿಗೆ ಮಾತ್ರ. ಹಗಲಿನಲ್ಲಿ ಹೊರಗಿನವರಿಗೆ ಒಳಗೆ ಕಾಣದು. ರಾತ್ರಿ ಒಳಗೆ ದೀಪ ಹಾಕಿದೊಡನೆ ನೀವು ಹೊರಗಿನವರಿಗೆ ಕಾಣುತ್ತೀರಿ, ನಿಮಗೆ ನಿಮ್ಮದೇ ಮುಖ ಕಾಣುತ್ತದೆ. ಪರದೆ ಇಟ್ಟುಕೊಳ್ಳಲೇಬೇಕು.

ಗಾಜಿನ ಬಗೆ ತಿಳಿಯದೆ ಫಿಲ್ಮ್ ಹಚ್ಚಬೇಡಿ

ಶಾಖ ಹೀರುವ ಫಿಲ್ಮ್ ಹಚ್ಚಿದ ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ. ಚೌಕಟ್ಟಿನೊಳಗೆ ಹುದುಗಿದ ಅಂಚು ಮಾತ್ರ ತಣ್ಣಗಿರುತ್ತದೆ. ಅಂಚಿನಲ್ಲಿ ಒಂದು ಸಣ್ಣ ಕೊರೆಯಿದ್ದರೂ ಸಾಕು, ಯಾರೂ ಮುಟ್ಟದೆ ಗಾಜು ಸೀಳುತ್ತದೆ. ಸಜ್ಜಾದ ನೆರಳು ಗಾಜಿನ ಅರ್ಧಕ್ಕೆ ಮಾತ್ರ ಬೀಳುವ ಕಡೆ ಈ ಅಪಾಯ ಹೆಚ್ಚು. ಮೂಲೆಯಲ್ಲಿ ಅಚ್ಚಾದ ಸಣ್ಣ ಮುದ್ರೆಯಿದ್ದರೆ ಅದು ಸಾಮಾನ್ಯವಾಗಿ ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜು, ಶಾಖದ ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಒಂದೇ ಹಾಳೆಯ ಸಾದಾ ಗಾಜಿಗೂ ಬಹುತೇಕ ಫಿಲ್ಮ್‌ಗಳು ನಡೆಯುತ್ತವೆ. ಎಚ್ಚರ ಬೇಕಾದುದು ಎರಡು ಹಾಳೆಯ ಡಬಲ್ ಗ್ಲೇಜ್ಡ್ ಕಿಟಕಿ, ಲ್ಯಾಮಿನೇಟೆಡ್ ಗಾಜು ಮತ್ತು ಮೊದಲೇ ಬಣ್ಣವಿರುವ ಗಾಜಿನ ವಿಷಯದಲ್ಲಿ. ತಂತಿಬಲೆ ಹುದುಗಿದ ಗಾಜಿಗಂತೂ ಶಾಖ ಹೀರುವ ಫಿಲ್ಮ್ ಹಚ್ಚಲೇಬಾರದು.

ಕಿಟಕಿ ಒಂಟಿಯೋ ಜೋಡಿಯೋ ಎಂಬುದು ತಿಳಿಯದಿದ್ದರೆ ರಾತ್ರಿ ಮೊಬೈಲ್ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿಯಿರಿ. ಪ್ರತಿಬಿಂಬ ಎರಡಿದ್ದರೆ ಒಂಟಿ ಹಾಳೆ, ನಾಲ್ಕಿದ್ದರೆ ಜೋಡಿ. ಆ ನಾಲ್ಕರಲ್ಲಿ ಒಂದರ ಬಣ್ಣ ಮಾತ್ರ ಬೇರೆಯಾಗಿ ಕಂಡರೆ ಕಾರ್ಖಾನೆಯಲ್ಲೇ ಶಾಖ ತಡೆಯುವ ಲೋ-ಇ ಲೇಪ ಹಾಕಿದ್ದಾರೆಂದು ಅರ್ಥ. ಅದಕ್ಕೆ ಮತ್ತೆ ಫಿಲ್ಮ್ ಬೇಕಾಗುವುದು ಅಪರೂಪ. ಜೋಡಿ ಗಾಜಿಗೆ ಹಾಕಲೇಬೇಕಾದರೆ ಹೊರಮೈಗೆ ಹಚ್ಚುವ ಫಿಲ್ಮ್ ಕೇಳಿ, ಅದರ ಬಾಳಿಕೆ ಒಳಮೈಯದಕ್ಕಿಂತ ಕಡಿಮೆಯೆಂಬುದು ಗೊತ್ತಿರಲಿ. ಯಾವ ಗಾಜಿಗೆ ಯಾವ ಫಿಲ್ಮ್ ಹೊಂದುತ್ತದೆ ಎಂಬ ಪಟ್ಟಿ ತಯಾರಕರ ಬಳಿ ಇರುತ್ತದೆ. ಗಾಜು ಒಡೆದರೆ ಯಾರ ಹೊಣೆ ಎಂಬುದನ್ನು ಬಿಲ್ಲಿನಲ್ಲಿಯೇ ಬರೆಸಿ. ಪಾಲಿಕಾರ್ಬೊನೇಟ್ ಹಾಳೆಗೆ ಹಚ್ಚಿದರೆ ಅದು ಬಿಡುವ ಗಾಳಿಯಿಂದ ಗುಳ್ಳೆ ಏಳುತ್ತದೆ, ಒರಟು ಮೈಯ ಗಾಜಿಗೆ ಫಿಲ್ಮ್ ಅಂಟುವುದೇ ಇಲ್ಲ.

ದರ, ಕೆಲಸ, ಪರಿಶೀಲನೆ

ಫಿಲ್ಮಿನ ದರ ಚದರ ಅಡಿ ಲೆಕ್ಕ. ಆದರೆ ಅಳತೆ ಗಾಜಿನದೋ ರೋಲಿನದೋ ಎಂದು ಮೊದಲೇ ಕೇಳಿ. ಸಾಮಾನ್ಯ ರೋಲಿನ ಅಗಲ 60 ಅಂಗುಲ. ನಿಮ್ಮ ಕಿಟಕಿ 36 ಅಂಗುಲವಿದ್ದರೆ ಉಳಿದ ಎರಡಡಿ ಪಟ್ಟಿಯ ಹಣವೂ ಬಿಲ್ಲಿಗೆ ಸೇರಬಹುದು. ಎಲ್ಲ ಕಿಟಕಿಗಳ ಅಳತೆಯನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು, ತುಂಡು ಹೊಂದಿಸಿ ಕತ್ತರಿಸಲು ಹೇಳಿದರೆ ನಷ್ಟ ತಗ್ಗುತ್ತದೆ.

ಕೆಲಸದ ದಿನ ಫ್ಯಾನ್ ನಿಲ್ಲಿಸಿ, ಧೂಳೇಳದಂತೆ ನೆಲ ಒದ್ದೆ ಮಾಡಿ. ಗಾಜನ್ನು ಸೋಪುನೀರು ಚಿಮುಕಿಸಿ, ಬ್ಲೇಡಿನಿಂದ ಕೆರೆದು, ರಬ್ಬರ್ ಸ್ಕ್ವೀಜಿಯಿಂದ ಎಳೆದು ಒರೆಸಬೇಕು. ಒಣಬಟ್ಟೆಯಿಂದ ಒರೆಸಿದರೆ ನೂಲಿನ ಎಳೆ ಅಂಟಿನೊಳಗೆ ಉಳಿಯುತ್ತದೆ. ಒಳ್ಳೆಯ ಕೆಲಸಗಾರ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಖಾಲಿ ಬಿಡುತ್ತಾನೆ. ಅದು ದೋಷವಲ್ಲ, ನೀರು ಹೊರಹೋಗಲೂ ಅಂಚು ಏಳದಿರಲೂ ಬೇಕಾದ ಜಾಗ. ಮುಗಿದ ಮೇಲೆ ಆರಡಿ ದೂರ ನಿಂತು ನೋಡಿ. ಹಾಲಿನಂಥ ಮಂಜು, ಸಣ್ಣ ನೀರಿನ ಗುಳ್ಳೆ ಇದ್ದರೆ ಕೆಲವು ವಾರಗಳಲ್ಲಿ ತಾವಾಗಿಯೇ ಹೋಗುತ್ತವೆ. ಮಳೆಗಾಲದಲ್ಲಿ, ದಪ್ಪ ಫಿಲ್ಮಿನಲ್ಲಿ ಇನ್ನೂ ತಡವಾಗಬಹುದು. ಆದರೆ ನಡುವೆ ಚುಕ್ಕೆಯಂತೆ ಕಸವಿರುವ ಗುಳ್ಳೆ, ಮಡಿಕೆ, ಬೆರಳಿಗೆ ಸಿಗುವ ಎದ್ದ ಅಂಚು ಇದ್ದರೆ ಅವು ಹೋಗುವುದಿಲ್ಲ, ಆಗಲೇ ಬದಲಾಯಿಸಲು ಹೇಳಿ.

ಕಾರಿನ ಗಾಜನ್ನು ನಾಲ್ಕೈದು ದಿನ ಇಳಿಸಬೇಡಿ. ಮನೆಯ ಗಾಜನ್ನು ಒಂದು ತಿಂಗಳು ತೊಳೆಯಬೇಡಿ. ಆಮೇಲೆಯೂ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೇಡ. ಪಾತ್ರೆ ಸೋಪಿನ ತಿಳಿನೀರು, ಮೆತ್ತನೆ ಬಟ್ಟೆ ಸಾಕು. ಹಳೆಯ ಫಿಲ್ಮ್ ತೆಗೆಸುವಾಗ ಕಾರಿನ ಹಿಂಗಾಜಿನ ಮೇಲಿನ ಕಂದುಬಣ್ಣದ ತೆಳುಗೆರೆಗಳು ಮಂಜು ಕರಗಿಸುವ ತಂತಿಗಳೆಂಬುದನ್ನು ಕೆಲಸಗಾರನಿಗೆ ಮೊದಲೇ ಹೇಳಿ. ಅಲ್ಲಿ ಬ್ಲೇಡ್ ಹಾಕಿದರೆ ತಂತಿ ಕಡಿಯುತ್ತದೆ. ಹಬೆಯಿಂದ ಅಂಟು ಮೆತ್ತಗಾಗಿಸಿ, ಗೆರೆಗಳು ಹೋದ ದಿಕ್ಕಿನಲ್ಲಿಯೇ ನಿಧಾನವಾಗಿ ಫಿಲ್ಮನ್ನು ಸುಲಿಯಬೇಕು.